ಗುಂಪಾಗಿ ಕೂರುವುದು, ಗುಂಪಾಗಿ ಕಲಿಯುವುದು

ತರಗತಿಯಲ್ಲಿ ಗುಂಪು ಕೆಲಸವೆಂದರೆ ನಾಲ್ಕೈದು ಮಕ್ಕಳು ಒಂದೇ ಕೆಲಸವನ್ನು ಹಂಚಿಕೊಂಡು, ಮಾತಾಡಿಕೊಂಡು, ತಮ್ಮೆಲ್ಲರಿಗೂ ಒಪ್ಪಿಗೆಯಾಗುವ ಒಂದು ಉತ್ತರಕ್ಕೆ ಬರುವುದು. ಮಕ್ಕಳನ್ನು ದುಂಡಗೆ ಕೂರಿಸಿದ ಮಾತ್ರಕ್ಕೆ ಅದು ಆಗುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಮಾರಿಸ್ ಗಾಲ್ಟನ್ ಮತ್ತು ಸಂಗಡಿಗರು 1975ರಿಂದ 1980ರವರೆಗೆ ಪ್ರಾಥಮಿಕ ಶಾಲೆಗಳ ತರಗತಿಯೊಳಗೆ ಕೂತು, ನಡೆದದ್ದನ್ನೆಲ್ಲ ದಾಖಲಿಸಿದರು. ಅಲ್ಲಿ ಮಕ್ಕಳು ಮೇಜಿನ ಸುತ್ತ ಗುಂಪಾಗಿಯೇ ಕೂತಿರುತ್ತಿದ್ದರು. ಹೆಚ್ಚಿನ ಹೊತ್ತು ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ಬರೆದುಕೊಳ್ಳುತ್ತಿದ್ದರು.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಗುಂಪು ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಕಟ್ಟಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಹಾಸನ ಜಿಲ್ಲೆಯ ಹಳ್ಳಿಯ ಶಾಲೆಯಲ್ಲೂ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಲಿಕೆಯ ಹೆಜ್ಜೆಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿ ನೋಡಿ ತಮ್ಮ ಕಾರ್ಡು ತೆಗೆದುಕೊಂಡು, ಅದರ ಲೋಗೋ ಹೇಳುವ ಗುಂಪಿಗೆ ಹೋಗುತ್ತಾರೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪು, ಭಾಗಶಃ ಬೆಂಬಲದ ಗುಂಪು, ಸಹಪಾಠಿಗಳ ಪೂರ್ಣ ಬೆಂಬಲದ್ದು, ಭಾಗಶಃ ಬೆಂಬಲದ್ದು, ಸ್ವಕಲಿಕೆಯದ್ದು ಎಂದು ಐದು ಬಗೆ. ಯಾವ ಮಗುವಿಗೆ ಎಷ್ಟು ಆಸರೆ ಬೇಕೆಂಬ ಲೆಕ್ಕದ ಮೇಲೆ ಗುಂಪು ಮಾಡಿರುವುದು ಈ ಪದ್ಧತಿಯ ಜಾಣತನ. ಆದರೆ ಒಂದೇ ವೃತ್ತದಲ್ಲಿ ಕೂತ ಮಕ್ಕಳು ಒಬ್ಬೊಬ್ಬರು ಏಣಿಯ ಒಂದೊಂದು ಮೈಲಿಗಲ್ಲಿನಲ್ಲಿರುತ್ತಾರೆ, ಕಾರ್ಡು ಅವರವರದೇ. ಹೀಗಾಗಿ ನಾಲ್ಕನೆಯ ತರಗತಿಗೆ ಬರುವ ಮಗುವಿಗೆ ಗುಂಪಿನಲ್ಲಿ ಕೂರುವುದು ಗೊತ್ತು, ಪಕ್ಕದವರಿಗೆ ಹೇಳಿಕೊಡುವುದೂ ಗೊತ್ತು. ಐವರು ಸೇರಿ ಒಂದು ಕೆಲಸ ಮುಗಿಸುವ ಅಭ್ಯಾಸ ಅಷ್ಟಾಗಿ ಇರುವುದಿಲ್ಲ. ಅದನ್ನು ನಾಲ್ಕನೆಯ ತರಗತಿಯಿಂದ ಮುಂದೆ ಕಲಿಸಿಯೇ ರೂಢಿಸಬೇಕು.

ಈ ಅಭ್ಯಾಸದ ಅಗತ್ಯ ಶಾಲೆಯ ಗಾತ್ರದಿಂದಲೂ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ ಒಟ್ಟು 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು. ಇಬ್ಬರಲ್ಲಿ ಒಬ್ಬರು ನಲಿ-ಕಲಿ ಕೋಣೆಯಲ್ಲಿದ್ದರೆ ನಾಲ್ಕು ಮತ್ತು ಐದನ್ನು ಇನ್ನೊಬ್ಬರು ಒಟ್ಟಿಗೆ ನೋಡಿಕೊಳ್ಳಬೇಕು. ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಒಂದು ತರಗತಿಗೆ ಪಾಠ ಮಾಡುವಾಗ ಇನ್ನೊಂದು ತರಗತಿ ತಾನಾಗಿ ಕೆಲಸದಲ್ಲಿ ತೊಡಗಿರಬೇಕೆಂದರೆ ಗುಂಪು ಬಿಟ್ಟು ಬೇರೆ ದಾರಿ ಕಡಿಮೆ. ಹಾಸನ, ಚನ್ನರಾಯಪಟ್ಟಣ ಪೇಟೆಗಳ ಪ್ರೌಢಶಾಲೆಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಬೆಂಚುಗಳು ಸಾಲಾಗಿ ಒತ್ತಿಕೊಂಡಿರುತ್ತವೆ, ನಡುವೆ ಓಡಾಡಲು ಜಾಗವಿರುವುದಿಲ್ಲ.

ಕೆಲಸದ ಆಯ್ಕೆ

ಗುಂಪು ಕೆಟ್ಟುಹೋಗುವುದಕ್ಕೆ ಮಕ್ಕಳ ಗಲಾಟೆಗಿಂತ ಕೆಲಸದ ಆಯ್ಕೆಯೇ ಹೆಚ್ಚಿನ ಸಲ ಕಾರಣ. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಯಿರಿ ಎಂದು ಐವರಿಗೆ ಹೇಳಿದರೆ ಒಬ್ಬ ಬರೆಯುತ್ತಾನೆ, ನಾಲ್ವರು ನೋಡಿ ಬರೆದುಕೊಳ್ಳುತ್ತಾರೆ. ಮಗ್ಗಿ, ಕಾಗುಣಿತ, ವ್ಯಾಖ್ಯೆಗಳಿಗೆ ಗುಂಪು ಬೇಡವೇ ಬೇಡ. ಹೆಚ್ಚೆಂದರೆ ಜೋಡಿಯಾಗಿ ಒಬ್ಬರನ್ನೊಬ್ಬರು ಕೇಳಿಕೊಂಡರೆ ಸಾಕು. ಒಬ್ಬರಿಂದ ಆಗದ, ಅಥವಾ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೊಳೆಯುವ ಕೆಲಸವೇ ಗುಂಪಿಗೆ ಸರಿ.

ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ ನೋಡದ ಮಗುವಿಲ್ಲ. ಏಳನೆಯ ಅಥವಾ ಎಂಟನೆಯ ತರಗತಿಗೆ ಹೀಗೊಂದು ಲೆಕ್ಕ ಕೊಡಬಹುದು. 198 ಅಡಿ ಅಗಲ, 220 ಅಡಿ ಉದ್ದದ ಒಂದು ಎಕರೆ ಹೊಲದಲ್ಲಿ ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 30 ಅಡಿ ಬಿಟ್ಟರೆ ಎಷ್ಟು ತೆಂಗಿನ ಸಸಿ ಹಿಡಿಯುತ್ತವೆ? ಸೂತ್ರ ಬಲ್ಲವನು 43,560 ಚದರ ಅಡಿಯನ್ನು 900ರಿಂದ ಭಾಗಿಸಿ 48 ಎನ್ನುತ್ತಾನೆ. ಕಾಗದದ ಮೇಲೆ ಹೊಲ ಬರೆದು ಬದುವಿನಿಂದ 15 ಅಡಿ ಒಳಗೆ ಮೊದಲ ಸಸಿ ಇಟ್ಟವಳಿಗೆ ಒಂದು ಕಡೆ 6, ಇನ್ನೊಂದು ಕಡೆ 7 ಸಿಕ್ಕಿ ಒಟ್ಟು 42 ಬರುತ್ತದೆ. ಬದುವಿನ ಮೇಲೆಯೇ ಶುರುಮಾಡಿದವರಿಗೆ 7 ಮತ್ತು 8, ಅಂದರೆ 56. ಮೂರೂ ಲೆಕ್ಕಗಳು ತಮ್ಮ ತಮ್ಮ ಮಟ್ಟಿಗೆ ಸರಿ. ಯಾವುದನ್ನು ಒಪ್ಪುವುದೆಂದು ಮಕ್ಕಳು ವಾದಿಸಲೇಬೇಕು. ಬದುವಿನ ಮೇಲೆ ನೆಟ್ಟರೆ ಪಕ್ಕದ ಹೊಲದವರು ಸುಮ್ಮನಿರುತ್ತಾರೆಯೇ ಎಂಬ ಪ್ರಶ್ನೆ ಎತ್ತುವ ಮಗು ಗಣಿತದಲ್ಲಿ ಹಿಂದಿರಬಹುದು, ಆ ಗುಂಪಿಗೆ ಅದರ ಮಾತು ಬೇಕೇ ಬೇಕು.

ಓದಿ ತಿಳಿಯುವ ವಿಷಯಕ್ಕೆ ಇನ್ನೊಂದು ವಿಧಾನವಿದೆ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮತ್ತು ಮೆಕ್ಸಿಕೊ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಒಂದೇ ಶಾಲೆಗೆ ಸೇರಿಸಿದಾಗ ಹುಟ್ಟಿದ ಜಗಳ ತಣಿಸಲು ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಇದನ್ನು ರೂಪಿಸಿದರು. ಜಿಗ್ಸಾ ಎಂಬ ಹೆಸರಿನ ಈ ವಿಧಾನದಲ್ಲಿ ಪಾಠವನ್ನು ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡಲಾಗುತ್ತದೆ. ತನ್ನ ತುಂಡನ್ನು ಪ್ರತಿಯೊಬ್ಬರೂ ಉಳಿದವರಿಗೆ ಹೇಳಲೇಬೇಕು, ಇಲ್ಲದಿದ್ದರೆ ಪಾಠ ಪೂರ್ಣವಾಗದು.

ಹೊಳೆನರಸೀಪುರದ ತರಗತಿಗೆ ಹೇಮಾವತಿ ನದಿಗಿಂತ ಹತ್ತಿರದ ವಸ್ತು ಸಿಗಲಾರದು. 25 ಮಕ್ಕಳಿದ್ದರೆ ಐದೈದರ ಐದು ಗುಂಪು, ಐದು ತುಂಡು. ಮೊದಲನೆಯದು ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ಯಗಚಿಯನ್ನು ಸೇರಿಸಿಕೊಂಡು, ಹೊಳೆನರಸೀಪುರದ ಮಗ್ಗುಲಲ್ಲಿ ಹಾದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಸೇರುವ ನದಿಯ ಹಾದಿ. ಎರಡನೆಯದು 1979ರಲ್ಲಿ ಮುಗಿದ ಗೊರೂರು ಅಣೆಕಟ್ಟು, ಅದರ 2,922 ಅಡಿಯ ಪೂರ್ಣ ಮಟ್ಟ, ಸುಮಾರು 37 ಟಿಎಂಸಿ ಸಾಮರ್ಥ್ಯ. ಮೂರನೆಯದು ನಾಲೆಗಳು: ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನತ್ತ ಹೋಗುವ ಎಡದಂಡೆ ನಾಲೆ, ಬಲದಂಡೆಯ ನಾಲೆಗಳು, ಅವುಗಳ ಕೆಳಗಿನ ಬೆಳೆ. ನಾಲ್ಕನೆಯದು ಮುಳುಗಿದ ಊರುಗಳು. ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚನ್ನು ಕಂಡ ಮಕ್ಕಳು ತರಗತಿಯಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ. ಐದನೆಯದು ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹದಲ್ಲಿ ಬರುವ ಹೊಳೆ. ಒಂದೇ ತುಂಡು ಸಿಕ್ಕ ಐವರು ಮೊದಲು ಬೇರೆಯಾಗಿ ಕೂತು ತಮ್ಮ ಭಾಗವನ್ನು ಓದಿ, ಹೇಗೆ ಹೇಳುವುದೆಂದು ಮಾತಾಡಿಕೊಳ್ಳುತ್ತಾರೆ. ಆಮೇಲೆ ಮೂಲ ಗುಂಪಿಗೆ ಮರಳಿ ಹೇಳುತ್ತಾರೆ. ಕೊನೆಗೆ ಐದೂ ಭಾಗಗಳ ಮೇಲೆ ಎಲ್ಲರಿಗೂ ಪ್ರತ್ಯೇಕವಾಗಿ ಪುಟ್ಟ ಪರೀಕ್ಷೆ. ಇದಕ್ಕೆ ಎರಡು ಅವಧಿ ಬೇಕು; ಒಂದೇ ಅವಧಿಯಲ್ಲಿ ಮುಗಿಸಹೊರಟರೆ ಹೇಳುವ ಭಾಗವೇ ಕತ್ತರಿಸಿಹೋಗುತ್ತದೆ.

ಮಕ್ಕಳ ಸಂಖ್ಯೆ ಐದರಿಂದ ಭಾಗವಾಗದಿದ್ದರೆ ಒಂದು ತುಂಡನ್ನು ಇಬ್ಬರಿಗೆ ಕೊಡುವುದು ಸರಿಯಾದ ಉಪಾಯ. ಆಲೂಗಡ್ಡೆ ಕೀಳುವಾಗ, ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವಾಗ, ಊರ ಜಾತ್ರೆಯ ಮಾರನೆಯ ದಿನ ಹಾಜರಾತಿ ಇಳಿದರೂ ಇದೇ ಉಪಾಯ ಕೈಹಿಡಿಯುತ್ತದೆ.

ಯಾರ ಜೊತೆ ಯಾರು

ಗುಂಪಿಗೆ ನಾಲ್ವರು ಅಥವಾ ಐವರು ಸಾಕು. ಆರು ದಾಟಿದರೆ ಗುಂಪು ತನ್ನಷ್ಟಕ್ಕೆ ಎರಡಾಗುತ್ತದೆ, ಇಲ್ಲವೇ ಒಂದಿಬ್ಬರು ಗುಂಪಿನಲ್ಲಿ ಗೋವಿಂದ ಎಂದುಬಿಡುತ್ತಾರೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗಗಳಲ್ಲಿ, ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಎಳೆದಾಗಿನ ಅರ್ಧದ ಆಸುಪಾಸಿಗೆ ಇಳಿದಿತ್ತು. ಹಗ್ಗದ ವಿಷಯದಲ್ಲಿ ನಿಜವಾದದ್ದು ಚಾರ್ಟಿನ ವಿಷಯದಲ್ಲೂ ನಿಜ.

ಮಕ್ಕಳಿಗೇ ಬಿಟ್ಟರೆ ಗೆಳೆಯರು ಗೆಳೆಯರನ್ನು ಹುಡುಕಿಕೊಳ್ಳುತ್ತಾರೆ, ಹುಡುಗರು ಒಂದು ಕಡೆ ಹುಡುಗಿಯರು ಒಂದು ಕಡೆ ಆಗುತ್ತಾರೆ. ಹಳ್ಳಿಯ ಶಾಲೆಯಲ್ಲಿ ಇನ್ನೊಂದು ಗೆರೆಯೂ ಕಾಣಿಸಿಕೊಳ್ಳುತ್ತದೆ. ಒಂದು ಕೇರಿಯವರು ಒಟ್ಟಾಗುತ್ತಾರೆ, ಮತ್ತೊಂದು ಕೇರಿಯ ಮಗು ಯಾರೂ ಕರೆಯದೆ ಕೊನೆಯಲ್ಲಿ ಉಳಿಯುತ್ತದೆ. 2020ರ ಆಗಸ್ಟಿನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ವಿದ್ಯಾಗಮ ಯೋಜನೆಯಡಿ ಶಿಕ್ಷಕರು 20-25 ಮಕ್ಕಳ ಗುಂಪುಗಳನ್ನು ಮನೆಗಳು ಹತ್ತಿರವಿದ್ದ ಲೆಕ್ಕದಲ್ಲೇ ಮಾಡಿ, ದೇವಸ್ಥಾನದ ಜಗಲಿಯಲ್ಲೋ ಅರಳಿಕಟ್ಟೆಯಲ್ಲೋ ಪಾಠ ಹೇಳಿದರು. ಆ ಹೊತ್ತಿಗೆ ಅದು ಅನಿವಾರ್ಯ. ತರಗತಿಯ ಗುಂಪಿಗೆ ಬೇಕಾದದ್ದು ಅದರ ವಿರುದ್ಧದ ಲೆಕ್ಕ: ಬೇರೆ ಬೇರೆ ಕೇರಿ, ಬೇರೆ ಬೇರೆ ಕಲಿಕೆಯ ಮಟ್ಟ, ಹುಡುಗ ಹುಡುಗಿಯರು ಕೂಡಿ. ಆದ್ದರಿಂದ ಪಟ್ಟಿಯನ್ನು ಶಿಕ್ಷಕರೇ ಹಿಂದಿನ ದಿನ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಿಂದಿನ ತರಗತಿಯ ಕಲಿಕೆಯನ್ನು ಅಳೆಯುವ ಜೂನ್ ತಿಂಗಳ ಸೇತುಬಂಧದ ಫಲಿತಾಂಶ ಇದಕ್ಕೆ ಕೈಯಲ್ಲೇ ಇರುವ ಆಧಾರ. ಮುಂದಿರುವ ಒಂದು ಮಗು, ನಡುವಿನ ಇಬ್ಬರು, ಆಸರೆ ಬೇಕಾದ ಒಂದು ಮಗು ಎಂಬ ಹೊಂದಿಕೆ ಹೆಚ್ಚಿನ ಕೆಲಸಗಳಿಗೆ ನಡೆಯುತ್ತದೆ. ಓದುವುದೇ ಬಾರದ ಮಕ್ಕಳಿಗೆ ಓದು ಕಲಿಸುವಾಗ ಮಾತ್ರ ಒಂದೇ ಮಟ್ಟದವರನ್ನು ಸೇರಿಸಿ ಶಿಕ್ಷಕರು ಅವರ ಜೊತೆಗೇ ಕೂರಬೇಕು.

ಗುಂಪಿನ ಹೆಸರಿನಲ್ಲಿ ಮಟ್ಟ ಇಣುಕಬಾರದು. ಎ, ಬಿ, ಸಿ ಎಂದು ಕರೆದರೂ ಮಕ್ಕಳು ಒಂದೇ ದಿನದಲ್ಲಿ ಗುಟ್ಟು ಕಂಡುಹಿಡಿಯುತ್ತಾರೆ. ಹೇಮಾವತಿ, ಯಗಚಿ, ಕಾವೇರಿ, ವಾಟೆಹೊಳೆ ಎಂದರೆ ಯಾರಿಗೂ ನೋವಿಲ್ಲ. ಒಂದು ಘಟಕ ಮುಗಿಯುವವರೆಗೆ ಗುಂಪು ಹಾಗೇ ಇರಲಿ. ದಿನಕ್ಕೊಂದು ಗುಂಪು ಮಾಡಿದರೆ ಒಬ್ಬರಿಗೊಬ್ಬರು ಹೊಂದಿಕೊಳ್ಳುವಷ್ಟರಲ್ಲಿ ಗುಂಪೇ ಇರುವುದಿಲ್ಲ.

ಗುಂಪಿನೊಳಗೆ ಕೆಲಸ ಹಂಚುವುದು ಮುಂದಿನದು. ಮುಂದಾಳು, ಬರೆಯುವವರು, ಸಾಮಗ್ರಿ ತರುವವರು, ಹೊತ್ತು ನೋಡುವವರು, ವರದಿ ಹೇಳುವವರು ಎಂಬ ಐದು ಜವಾಬ್ದಾರಿಗಳು ಸಾಮಾನ್ಯ. ಇವು ಪ್ರತಿ ಸಲ ಬದಲಾಗಬೇಕು. ಅಕ್ಷರ ದುಂಡಗಿರುವ ಹುಡುಗಿಗೇ ಸದಾ ಬರೆಯುವ ಕೆಲಸ, ಗಟ್ಟಿ ಗಂಟಲಿನ ಹುಡುಗನಿಗೇ ಸದಾ ಮುಂದಾಳತ್ವ ಎಂಬುದು ನಮ್ಮ ಶಾಲೆಗಳ ಹಳೆಯ ಚಾಳಿ. ಗುಡಿಸುವುದು, ನೀರು ತರುವುದು ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನೂ ಇದರ ಜೊತೆಯಲ್ಲೇ ಗಮನಿಸಬೇಕು.

ಅವಧಿಯ ಹಂಚಿಕೆ

40 ನಿಮಿಷದ ಅವಧಿಯಲ್ಲಿ ಕೂರುವುದಕ್ಕೂ ಸೂಚನೆಗೂ 6-7 ನಿಮಿಷ, ಕೆಲಸಕ್ಕೆ 20, ಮಂಡನೆಗೆ 10, ಉಳಿದದ್ದು ಶಿಕ್ಷಕರ ಮಾತಿಗೆ. ಸೂಚನೆಯನ್ನು ಮಕ್ಕಳು ಸ್ಥಳ ಬದಲಿಸುವ ಮೊದಲೇ ಕೊಡಬೇಕು. ಬೆಂಚು ಎಳೆಯುವ ಸದ್ದಿನ ನಡುವೆ ಹೇಳಿದ್ದು ಯಾರ ಕಿವಿಗೂ ಬೀಳದು. ಏನು ಮಾಡಬೇಕು, ಕೊನೆಗೆ ಏನು ತೋರಿಸಬೇಕು, ಎಷ್ಟು ಹೊತ್ತಿಗೆ ಮುಗಿಸಬೇಕು ಎಂಬ ಮೂರು ಸಾಲು ಕಪ್ಪುಹಲಗೆಯ ಮೇಲೆ ಕೊನೆಯವರೆಗೂ ಇರಲಿ. ಒಂದು ಮಗುವನ್ನು ಎಬ್ಬಿಸಿ ಅದನ್ನು ತನ್ನ ಮಾತಿನಲ್ಲಿ ಹೇಳಿಸಿದರೆ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಸಾಲು ಬೆಂಚಿನ ಕೋಣೆಯಲ್ಲಿ ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿದರೆ ನಾಲ್ವರ ಗುಂಪು ಸಿದ್ಧ, ಏನನ್ನೂ ಎಳೆಯಬೇಕಾಗಿಲ್ಲ. 50-60 ಮಕ್ಕಳಿರುವಲ್ಲಿ ಅಮೆರಿಕದ ಫ್ರಾಂಕ್ ಲೈಮನ್ 1981ರಲ್ಲಿ ವಿವರಿಸಿದ ಕ್ರಮ ಹೆಚ್ಚು ಅನುಕೂಲ. ಮೊದಲು ಒಂದು ನಿಮಿಷ ಒಬ್ಬರೇ ಯೋಚಿಸುವುದು, ಎರಡು ನಿಮಿಷ ಪಕ್ಕದವರೊಡನೆ ಮಾತು, ಆಮೇಲೆ ತರಗತಿಗೆ ಹೇಳುವುದು. ಕೋಣೆ ತೀರ ಇಕ್ಕಟ್ಟಾದರೆ ಎರಡು ಗುಂಪು ಜಗಲಿಗೆ ಹೋಗಬಹುದು, ಬಾಗಿಲಿನಿಂದ ಕಾಣುವಷ್ಟು ದೂರದಲ್ಲಿ.

ಸದ್ದು ಇದ್ದೇ ಇರುತ್ತದೆ. ಪಕ್ಕದ ಗುಂಪಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಬೇಕೆಂಬ ನಿಯಮ ಸಾಕು, ಪೂರ್ತಿ ಮೌನ ಕೇಳುವುದು ಗುಂಪು ಕೆಲಸಕ್ಕೇ ವಿರುದ್ಧ. ನಿಲ್ಲಿಸಲು ಒಂದು ಸಂಜ್ಞೆ ಇರಲಿ. ಶಿಕ್ಷಕರು ಕೈಯೆತ್ತಿದಾಗ ಕಂಡವರೆಲ್ಲ ಕೈಯೆತ್ತಿ ಸುಮ್ಮನಾಗುವುದು ಎಲ್ಲ ಕಡೆ ನಡೆಯುತ್ತದೆ. ಪಕ್ಕದ ಕೋಣೆಯ ಸಹೋದ್ಯೋಗಿಗೂ ಮುಖ್ಯಶಿಕ್ಷಕರಿಗೂ ಮೊದಲೇ ಒಂದು ಮಾತು ಹೇಳಿಟ್ಟರೆ ಅರ್ಧ ತಕರಾರು ಇಲ್ಲವಾಗುತ್ತದೆ.

ಮೇಲ್ವಿಚಾರಣೆ

ಕೆಲಸ ಹಂಚಿದ ಮೇಲೆ ಶಿಕ್ಷಕರು ಕುರ್ಚಿಗೆ ಹೋಗಿ ದಾಖಲೆ ಬರೆಯುತ್ತ ಕೂತರೆ ಅಲ್ಲಿಯವರೆಗಿನ ತಯಾರಿ ಮಣ್ಣುಪಾಲು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಅಧಿಕಾರಿಗಳ ಫೋನು, ಎಲ್ಲಕ್ಕೂ ಈ 20 ನಿಮಿಷ ಬಿಡುವಿನ ಹಾಗೆ ಕಾಣುತ್ತದೆ. ವಾಸ್ತವದಲ್ಲಿ ಇಡೀ ಅವಧಿಯಲ್ಲಿ ಶಿಕ್ಷಕರ ಕಣ್ಣು ಕಿವಿಗಳಿಗೆ ಅತಿ ಹೆಚ್ಚು ಕೆಲಸ ಇರುವುದು ಆಗಲೇ.

ಮೊದಲ ಎರಡು ಮೂರು ನಿಮಿಷ ಒಂದೇ ಕಡೆ ನಿಂತು ನೋಡಬೇಕು. ಯಾವ ಗುಂಪು ಶುರುಮಾಡಿತು, ಯಾವುದು ಕಪ್ಪುಹಲಗೆಯನ್ನೇ ನೋಡುತ್ತಿದೆ ಎಂಬುದು ಆಗ ಕಾಣುತ್ತದೆ. ಮೂರು ಗುಂಪುಗಳಿಂದ ಒಂದೇ ಪ್ರಶ್ನೆ ಬಂದರೆ ತಪ್ಪು ಸೂಚನೆಯದು; ಎಲ್ಲರನ್ನೂ ನಿಲ್ಲಿಸಿ ಮತ್ತೆ ಹೇಳುವುದೇ ಸರಿ. ಒಂದೇ ಗುಂಪಿನ ಗೊಂದಲವಾದರೆ ಅಲ್ಲಿಗೆ ಮಾತ್ರ ಹೋದರಾಯಿತು.

ಸುತ್ತು ಹೊರಡುವುದು ದೂರದ ಮೂಲೆಯಿಂದ. ಗುಂಪಿನ ಬಳಿ ಗೋಡೆಗೆ ಬೆನ್ನು ಮಾಡಿ ನಿಂತರೆ ಉಳಿದ ತರಗತಿಯೂ ಕಣ್ಣಿಗೆ ಬೀಳುತ್ತದೆ. ಚಿಕ್ಕ ಮಕ್ಕಳ ನಡುವೆ ಕುಕ್ಕರಗಾಲಿನಲ್ಲಿ ಕೂತರೆ ಅವರ ಮಾತು ನಿಲ್ಲುವುದಿಲ್ಲ. ತಲೆಯ ಮೇಲೆ ನಿಂತರೆ ನಿಂತುಹೋಗುತ್ತದೆ. ಮೊದಲು ಕಿವಿಗೊಡುವುದು, ಆಮೇಲೆ ಬೇಕಿದ್ದರೆ ಕೇಳುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ಕೋಹೆನ್ ಹಲವು ವರ್ಷ ಗುಂಪು ಕೆಲಸವನ್ನು ಅಧ್ಯಯನ ಮಾಡಿ ಕಂಡುಕೊಂಡದ್ದೂ ಇದನ್ನೇ. ಶಿಕ್ಷಕರು ಗುಂಪಿನ ನಡುವೆ ಹೆಚ್ಚು ಬೋಧಿಸಿದಷ್ಟೂ ಮಕ್ಕಳು ಪರಸ್ಪರ ಮಾತಾಡುವುದು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದಷ್ಟೂ ಕಲಿಕೆ ಇಳಿಯುತ್ತದೆ.

ಕಣ್ಣಿಗೆ ಕಾಣುವ ಗುರುತುಗಳು ಹಲವು. ಚಾರ್ಟ್ ಯಾರ ಕಡೆಗೆ ಮುಖ ಮಾಡಿದೆ? ಒಬ್ಬರ ಕಡೆಗೇ ಇದ್ದರೆ ಉಳಿದವರು ತಲೆಕೆಳಗಾಗಿ ಓದುತ್ತಿದ್ದಾರೆ ಎಂದರ್ಥ, ಸ್ವಲ್ಪ ಹೊತ್ತಿಗೆ ಓದುವುದನ್ನೇ ಬಿಡುತ್ತಾರೆ. ಸ್ಕೆಚ್ ಪೆನ್ನು ಎಷ್ಟು ಕೈ ಬದಲಿಸಿತು? ಯಾರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ? ಈ ಕೊನೆಯದು ಬಹಳ ಮುಖ್ಯ. ಕೆಲವು ಮಕ್ಕಳು ಮಾತಾಡುತ್ತಾರೆ, ಗುಂಪು ಕೇಳಿಸಿಕೊಳ್ಳುವುದಿಲ್ಲ. ಕಲಿಕೆಯಲ್ಲಿ ಹಿಂದೆ ಎಂಬ ಹೆಸರು, ಬಡತನ, ಜಾತಿ, ಕೆಲವೊಮ್ಮೆ ಬರೀ ಮೈಯ ಗಾತ್ರ, ಯಾವುದೂ ಕಾರಣವಾಗಬಹುದು. ಕೋಹೆನ್ ಸೂಚಿಸುವ ಮದ್ದು ಸರಳವಾದದ್ದು: ಆ ಮಗು ನಿಜವಾಗಿ ಚೆನ್ನಾಗಿ ಮಾಡಿದ್ದನ್ನು ಗುಂಪಿನ ಎದುರಿಗೇ, ಏನು ಚೆನ್ನಾಗಿದೆಯೆಂದು ಬಿಡಿಸಿ ಹೇಳುವುದು. ಸುಮ್ಮನೆ ಶಹಬ್ಬಾಸ್ ಎಂದರೆ ಉಪಯೋಗವಿಲ್ಲ. ತೆಂಗಿನ ಲೆಕ್ಕದಲ್ಲಿ ಬದುವಿನ ಮಾತು ಎತ್ತಿದ ಮಗುವಿಗೆ, "ನೀನು ಹೇಳಿದ್ದರಿಂದ ಉತ್ತರ 56ರಿಂದ 42ಕ್ಕೆ ಬಂತಲ್ಲ" ಎಂದರೆ ಉಳಿದ ನಾಲ್ವರೂ ಕೇಳಿಸಿಕೊಳ್ಳುತ್ತಾರೆ.

ಮಗು ಎದ್ದುಬಂದು "ಸಾರ್, ಇದು ಹೆಂಗೆ?" ಎಂದರೆ ಉತ್ತರ ಹೇಳುವ ಮೊದಲು ಗುಂಪಿನ ನಾಲ್ವರನ್ನೂ ಕೇಳಿದೆಯಾ ಎಂದು ವಿಚಾರಿಸಬೇಕು. ಯಾರಿಗೂ ಗೊತ್ತಾಗದಿದ್ದಾಗಲೇ ಶಿಕ್ಷಕರ ಸರದಿ. ಆಗಲೂ ಉತ್ತರಕ್ಕಿಂತ ಮುಂದಿನ ಹೆಜ್ಜೆಯ ಪ್ರಶ್ನೆ ಕೊಟ್ಟು ಬರುವುದು ಲೇಸು: ಹೊಲದ ಚಿತ್ರ ಬರೆದು ನೋಡಿದಿರಾ, ಮೊದಲ ಸಸಿ ಎಲ್ಲಿ? ಪ್ರಶ್ನೆ ಕೊಟ್ಟ ಮೇಲೆ ಅಲ್ಲಿಂದ ಹೊರಡಬೇಕು, ನಾಲ್ಕು ನಿಮಿಷ ಬಿಟ್ಟು ತಪ್ಪದೆ ಮರಳಬೇಕು.

ತಡಮಾಡದೆ ಮಧ್ಯೆ ಹೋಗಬೇಕಾದ ಸಂದರ್ಭಗಳೂ ಇವೆ. ಒಬ್ಬರನ್ನು ಹೀಯಾಳಿಸುತ್ತಿದ್ದರೆ, ಇಡೀ ಗುಂಪು ತಪ್ಪು ಮಾಹಿತಿಯನ್ನೇ ನಂಬಿ ಮುಂದೆ ಸಾಗುತ್ತಿದ್ದರೆ, ಕೆಲಸ ಪೂರ್ತಿ ನಿಂತಿದ್ದರೆ ಕಾಯುವುದು ಸಲ್ಲದು. ಒಬ್ಬನೇ ಎಲ್ಲ ಮಾಡುತ್ತಿದ್ದರೆ ಅವನನ್ನು ಗದರಿಸುವುದಕ್ಕಿಂತ ಅವನಿಗೆ ಹೊತ್ತು ನೋಡುವ ಕೆಲಸ ಕೊಟ್ಟು ಪೆನ್ನನ್ನು ಬೇರೆಯವರಿಗೆ ದಾಟಿಸುವುದು ಫಲಕಾರಿ. ಬೇಗ ಮುಗಿಸಿದ ಗುಂಪಿಗೆ ಇನ್ನೊಂದು ಪ್ರಶ್ನೆ ಕೈಯಲ್ಲಿರಬೇಕು. ಅದೇ ಒಂದು ಎಕರೆ 66 ಅಡಿ ಅಗಲ, 660 ಅಡಿ ಉದ್ದದ ಪಟ್ಟಿಯಾಗಿದ್ದರೆ ಎಷ್ಟು ಸಸಿ ಎಂಬಂಥದ್ದು.

ಕಂಡದ್ದನ್ನು ಬರೆದಿಡದಿದ್ದರೆ ಸಂಜೆಗೆ ಮರೆತುಹೋಗುತ್ತದೆ. ಒಂದು ನೋಟ್‌ಬುಕ್ಕಿನ ಪುಟದಲ್ಲಿ ಗುಂಪಿಗೊಂದು ಚೌಕ, ಒಳಗೆ ಹೆಸರುಗಳು. ಪ್ರಶ್ನೆ ಕೇಳಿದವರಿಗೆ ಪ್ರ, ಸಹಾಯ ಮಾಡಿದವರಿಗೆ ಸ, ಕಾರಣ ಕೊಟ್ಟು ವಾದಿಸಿದವರಿಗೆ ಕಾ, ಮೌನವಾಗಿದ್ದವರಿಗೆ ಮೌ ಎಂಬ ಗುರುತು ಸಾಕು. ಎಲ್ಲರನ್ನೂ ಒಂದೇ ದಿನ ನೋಡಲು ಹೋದರೆ ಯಾರನ್ನೂ ನೋಡಿದಂತಾಗದು. ದಿನಕ್ಕೆ ಒಂದೆರಡು ಗುಂಪನ್ನು ಹತ್ತಿರದಿಂದ, ಉಳಿದವನ್ನು ದೂರದಿಂದ ಗಮನಿಸಿದರೆ ಕೆಲವೇ ಅವಧಿಗಳಲ್ಲಿ ತರಗತಿ ಪೂರ್ತಿ ಬಂದಿರುತ್ತದೆ. ಎರಡು ಸಲ ಮೌ ಬಿದ್ದ ಮಗುವಿನ ಗುಂಪು ಬದಲಿಸಬೇಕೋ, ಮಗುವಿನೊಡನೆ ಬೇರೆಯಾಗಿ ಮಾತಾಡಬೇಕೋ ಎಂದು ತೀರ್ಮಾನಿಸಲು ಪುಟವೇ ಸಾಕ್ಷಿ.

ಎರಡು ತರಗತಿ ಒಟ್ಟಿಗಿರುವ ಕೋಣೆಯಲ್ಲಿ ಸುತ್ತು ಹೊಡೆಯುವುದು ಆಗದು. ಅಲ್ಲಿ ನಲಿ-ಕಲಿಯಿಂದಲೇ ಎರವಲು ಪಡೆಯಬಹುದು. ಐದನೆಯ ತರಗತಿಗೆ ಪಾಠ ನಡೆಯುವಾಗ ನಾಲ್ಕನೆಯವರ ಕೆಲಸ ಏಣಿಯ ಹಾಗೆ ಹೆಜ್ಜೆ ಹೆಜ್ಜೆಯಾಗಿ ಬರೆದು ಗೋಡೆಯ ಮೇಲಿರಲಿ. ಒಂದು ಹೆಜ್ಜೆ ಮುಗಿದಾಗ ಗುಂಪಿನವರೇ ನಲಿ-ಕಲಿಯ ಪ್ರಗತಿ ನೋಟದಂಥ ಪಟ್ಟಿಯಲ್ಲಿ ಗುರುತು ಹಾಕಲಿ. ಪಾಠದ ನಡುವೆ ತಲೆಯೆತ್ತಿ ಪಟ್ಟಿ ನೋಡಿದರೆ ಯಾವ ಗುಂಪು ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ.

ಮಂಡನೆ ಮತ್ತು ಅಂಕ

ಎಲ್ಲ ಗುಂಪುಗಳೂ ಒಂದೇ ಉತ್ತರವನ್ನು ಒಂದಾದ ಮೇಲೊಂದರಂತೆ ಓದಿದರೆ ಮೂರನೆಯದಕ್ಕೇ ತರಗತಿ ಆಕಳಿಸುತ್ತದೆ. ಮೊದಲ ಗುಂಪು ಪೂರ್ತಿ ಹೇಳಲಿ, ಉಳಿದವರು ತಮ್ಮಲ್ಲಿ ಬೇರೆ ಬಂದದ್ದನ್ನಷ್ಟೇ ಸೇರಿಸಲಿ. ಯಾರು ಹೇಳಬೇಕೆಂಬುದನ್ನು ಕೊನೆಯ ಗಳಿಗೆಯವರೆಗೆ ಬಿಟ್ಟುಕೊಡದಿರುವುದು ಒಳ್ಳೆಯ ತಂತ್ರ. ಗುಂಪಿನಲ್ಲಿ ಎಲ್ಲರಿಗೂ 1ರಿಂದ 5ರವರೆಗೆ ಸಂಖ್ಯೆ ಕೊಟ್ಟು, ಮಂಡನೆಯ ಹೊತ್ತಿಗೆ "ಎಲ್ಲ ಗುಂಪುಗಳ 3ನೆಯವರು ಏಳಿ" ಎಂದರೆ, ಯಾರ ಸರದಿ ಬರುವುದೋ ತಿಳಿಯದೆ ಗುಂಪು ಎಲ್ಲರಿಗೂ ಹೇಳಿಕೊಟ್ಟು ಸಿದ್ಧಮಾಡಿರುತ್ತದೆ. ಹೀಗೆ ಮಾಡುವಾಗ ವರದಿ ಹೇಳುವವರ ಜವಾಬ್ದಾರಿ ಬೇರೆ ಇಡಬೇಕಾಗಿಲ್ಲ.

ರಾಜ್ಯದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಇತರ ವಿಷಯಗಳಿಗೆ 20 ಅಂಕ ಆಂತರಿಕವಾಗಿ ಬರುತ್ತವೆ. ರೂಪಣಾತ್ಮಕ ಚಟುವಟಿಕೆಗಳಿಗೆ ಗುಂಪು ಕೆಲಸ ಸಹಜವಾಗಿ ಹೊಂದುತ್ತದೆ, ಆದರೆ ಗುಂಪಿನ ಐವರಿಗೂ ಒಂದೇ ಅಂಕ ಬರೆಯುವ ರೂಢಿ ಸರಿಯಲ್ಲ. ದುಡಿದವರಿಗೂ ಸುಮ್ಮನೆ ಕೂತವರಿಗೂ ಅದು ಅನ್ಯಾಯ. ಗುಂಪಿನ ಫಲಿತಕ್ಕೆ ಒಂದು ಪಾಲು, ಮೇಲ್ವಿಚಾರಣೆಯ ಪುಟದಲ್ಲಿ ಕಂಡ ಭಾಗವಹಿಸುವಿಕೆಗೆ ಒಂದು ಪಾಲು, ಕೊನೆಯಲ್ಲಿ ಒಬ್ಬೊಬ್ಬರೇ ಬರೆಯುವ ಮೂರು ನಾಲ್ಕು ಪ್ರಶ್ನೆಗಳಿಗೆ ಒಂದು ಪಾಲು ಎಂದು ಒಡೆದರೆ ಲೆಕ್ಕ ನ್ಯಾಯವಾಗಿರುತ್ತದೆ, ಪೋಷಕರು ಕೇಳಿದರೆ ತೋರಿಸಲು ದಾಖಲೆಯೂ ಇರುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲೇವಿನ್ ಇನ್ನೊಂದು ದಾರಿ ತೋರಿಸಿದ್ದರು. ಪ್ರತಿ ಮಗುವೂ ತನ್ನ ಹಿಂದಿನ ಅಂಕಕ್ಕಿಂತ ಎಷ್ಟು ಮೇಲೇರಿತು ಎಂಬುದನ್ನೇ ಗುಂಪಿನ ಲೆಕ್ಕಕ್ಕೆ ಸೇರಿಸುವುದು. 8ರಿಂದ 12ಕ್ಕೆ ಬಂದ ಮಗು 18ರಲ್ಲೇ ನಿಂತ ಮಗುವಿಗಿಂತ ಗುಂಪಿಗೆ ಹೆಚ್ಚು ತಂದುಕೊಡುತ್ತದೆ. ಅದಕ್ಕೆ ಹೇಳಿಕೊಡಲು ಉಳಿದವರು ಆಗ ತಾವಾಗಿ ಮುಂದೆ ಬರುತ್ತಾರೆ.

ಘಟಕ ಮುಗಿದ ದಿನ ಐದು ನಿಮಿಷ ಉಳಿಸಿಕೊಂಡು, ಗುಂಪಿನಲ್ಲಿ ಯಾವುದು ಸರಿಹೋಯಿತು, ಮುಂದಿನ ಸಲ ಏನು ಬದಲಾಗಬೇಕು ಎಂದು ಮಕ್ಕಳಿಂದಲೇ ಎರಡು ಸಾಲು ಬರೆಸಬೇಕು. ಹೆಸರು ಬರೆಯಬೇಕಾಗಿಲ್ಲ. ಆ ಚೀಟಿಗಳನ್ನೂ ಗುರುತು ಹಾಕಿದ ಪುಟಗಳನ್ನೂ ಎದುರಿಗಿಟ್ಟುಕೊಂಡು ಮುಂದಿನ ಘಟಕದ ಗುಂಪುಗಳ ಪಟ್ಟಿ ಬರೆಯುವುದು.